ಹನ್ನೆರಡು ಗೆರೆಯ ಗಾಡಿ

ನಮ್ಮೂರಿನ ದೊಡ್ಡ ಬೀದಿಯಲ್ಲಿ ಗಾಡಿಯ ಸದ್ದು ಮೊದಲು ಬರುತ್ತದೆ, ಗಾಡಿ ಇಪ್ಪತ್ತೇಳು ದಿನ ಬಿಟ್ಟು ಬರುತ್ತದೆ. ರೋಹಿಣಿ ನಕ್ಷತ್ರದ ದಿನ ಸದ್ದು ಬಂತು ಅಂದರೆ ಮುಂದಿನ ರೋಹಿಣಿಗೆ, ಅದೇ ಹೊತ್ತಿಗೆ, ಗಾಡಿ ಪಿಟ್ಟೆನ್ನದೆ ಬಂದು ಹಾಗೇ ದಾಟಿ ಹೋಗುತ್ತದೆ. ಹೊಸದಾಗಿ ಸೊಸೆಯಾಗಿ ಬಂದ ಹೆಣ್ಣುಮಕ್ಕಳು ಮೊದಮೊದಲು ಖಾಲಿ ಬೀದಿಯಲ್ಲಿ ಬಸ್ಸು ಗುಡುಗಿದ್ದಕ್ಕೆ ಬೆಚ್ಚಿಬೀಳುತ್ತಾರೆ. ನಾಲ್ಕು ತಿಂಗಳಾದರೆ ಸಾಕು, ತವರಿನ ಅಣ್ಣನ ಮೋಟಾರ್ ಸೈಕಲ್ಲಿನ ಸದ್ದು ಹಿಡಿದು, ದಿನ ಎಣಿಸಿ, ಹಿಂದಿನ ರಾತ್ರಿಯೇ ಕಾಳು ನೆನೆಹಾಕುವಷ್ಟು ಪಳಗುತ್ತಾರೆ. ಸದ್ದು ಕೇಳಿದ ದಿನ ಆ ಅಣ್ಣನಿಗೆ ಹೊರಡುವ ಯೋಚನೆಯೇ ಬಂದಿರುವುದಿಲ್ಲ.

ಸದ್ದಿನಿಂದ ಏನೂ ತೊಂದರೆಯಿಲ್ಲ. ತೊಂದರೆ ಇರುವುದು ಮೂಕ ಗಾಡಿಯಿಂದ. ಬೆನ್ನ ಹಿಂದೆ ಲಾರಿ ಬಂದು ನಿಂತರೂ ಗೊತ್ತಾಗುವುದಿಲ್ಲ. ಅದಕ್ಕೇ ಊರಿಗೊಬ್ಬ ಕಿವಿಗಾರ ಬೇಕು. ನಲವತ್ತೆರಡು ವರ್ಷದಿಂದ ಆ ಕಿವಿಗಾರ ನಾನು, ಗವಿರಂಗಪ್ಪ. ಸೇತುವೆ ಮಗ್ಗುಲ ಕಟ್ಟೆಯ ಮೇಲೆ ಕೂತು, ಬಂದ ಸದ್ದನ್ನೆಲ್ಲ ಕರಿಹಲಗೆಗೆ ಇಳಿಸುವುದು ನನ್ನ ಕೆಲಸ. ಹಲಗೆಯಲ್ಲಿ ಇಪ್ಪತ್ತೇಳು ಮನೆ, ನಕ್ಷತ್ರಕ್ಕೊಂದು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಂಕಿ ಬರುತ್ತದೆ, ಅಕ್ಷರ ಅಷ್ಟಕ್ಕಷ್ಟೆ. ಹಾಗಾಗಿ ಹೊತ್ತನ್ನು ಅಂಕಿಯಲ್ಲಿ ಹಾಕುತ್ತೇನೆ, ಗಾಡಿಯನ್ನು ಚಿತ್ರದಲ್ಲಿ. ಚಿತ್ರದ ಕೆಳಗೆ, ಇಂಜಿನ್ನಿನಲ್ಲಿ ಎಷ್ಟು ಸಿಲಿಂಡರ್ ಬಡಿಯುತ್ತವೋ ಅಷ್ಟು ಗೆರೆ. ನಾಲ್ಕು ಗೆರೆ ಇದ್ದರೆ ಜನ ರಸ್ತೆಯಂಚಿಗೆ ಸರಿಯುತ್ತಾರೆ. ಆರು ಗೆರೆ ಇದ್ದರೆ ಜಗಲಿ ಹತ್ತುತ್ತಾರೆ. ಓದು ಬಾರದವರೂ ಗೆರೆ ಎಣಿಸಬಲ್ಲರು.

ನನಗೆ ಈ ವಿದ್ಯೆ ಹೇಳಿಕೊಟ್ಟ ಚಿಕ್ಕೀರಯ್ಯನವರು ಒಂದು ಮಾತು ಕಟ್ಟಪ್ಪಣೆ ಮಾಡಿದ್ದರು. ಹಲಗೆಗೆ ಬಿದ್ದ ಗೆರೆಯನ್ನು ಗಾಡಿ ಹೋಗುವ ತನಕ ಅಳಿಸಬಾರದು. ಅವರಿಗಿಂತ ಹಿಂದಿನ ಕಿವಿಗಾರ ಅನುಮಾನದ ಮನುಷ್ಯನಂತೆ. ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ಜನ ಹಲಗೆ ನೋಡುವುದನ್ನೇ ಬಿಟ್ಟರು. ಆ ವರ್ಷ ಮೂರು ಜನ ಚಕ್ರದಡಿ ಹೋದರು. "ನಿಧಾನವಾಗಿ ಕೇಳು, ನಿಧಾನವಾಗಿ ಬರಿ, ಬರೆದ ಮೇಲೆ ಮುಟ್ಟಬೇಡ" ಅನ್ನುತ್ತಿದ್ದರು. ನಾನು ಮುಟ್ಟಿರಲಿಲ್ಲ. ಮುಟ್ಟುವ ಪ್ರಮೇಯವೂ ಬಂದಿರಲಿಲ್ಲ ಅನ್ನಿ. ಯಾವ ಲಾರಿಗೆ ಯಾವ ಕೆಮ್ಮು, ಯಾವ ಬಸ್ಸಿಗೆ ಎಲ್ಲಿ ಸಡಿಲ ಅಂತ ನನಗೆ ಅವುಗಳ ಡ್ರೈವರಿಗಿಂತ ಚೆನ್ನಾಗಿ ಗೊತ್ತು.

ಹೀಗಿರುವಾಗ ಒಂದು ರೋಹಿಣಿ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಕೆರೆ ಏರಿಯ ತಿರುವಿನಿಂದ ಒಂದು ಸದ್ದು ಬಂತು. ಅಂಥದ್ದನ್ನು ನಾನು ಕೇಳಿರಲಿಲ್ಲ. ತಿರುವಿನಲ್ಲಿ ಗೇರು ಒಂದು ಸಲ ಇಳಿಯಿತು, ತಕ್ಷಣ ಇನ್ನೊಂದು ಸಲ ಇಳಿಯಿತು. ಆಮೇಲೆ ತುಂಬಿದ ಕೊಡದೊಳಗಿಂದ ಹೊರಟ ಹಾಗೆ ಒಂದು ಗುಂಯ್‌ಕಾರ. ಅದರ ಮೇಲೆ ಎಳೆಯಾಗಿ ಸಿಳ್ಳೆ, ಅದೂ ಒಂದಲ್ಲ, ಎರಡು ಎಳೆ. ಸೇತುವೆ ಹತ್ತಿರ ಒಂದು ಚಿಟಿಕೆ ಹೊತ್ತು ಬಡಿತ ಮುಗ್ಗರಿಸಿ, ಮತ್ತೆ ಸರಿಹೋಗಿ, ದಕ್ಷಿಣಕ್ಕೆ ಹೋಗಿಬಿಟ್ಟಿತು. ನಾನು ಯಾವಾಗಲೂ ಮೊಣಕಾಲ ಮೇಲೆ ಬಲಗೈ ಬೆರಳು ಬಡಿದು ಎಣಿಸುವವನು. ಅವತ್ತು ಬಲಗೈ ಸಾಲಲಿಲ್ಲ, ಎಡಗೈಯನ್ನೂ ಸೇರಿಸಿಕೊಂಡೆ. ಎಣಿಸಿದೆ. ಹನ್ನೆರಡು.

ಗಾರೆಮನೆ ಟೀ ಅಂಗಡಿಯಲ್ಲಿ ಕೂತಿದ್ದ ಬುಡೇನ್ ಸಾಬರು ಗ್ಲಾಸು ಹಿಡಿದುಕೊಂಡೇ ಓಡಿ ಬಂದರು. ಮೂವತ್ತು ವರ್ಷ ಲಾರಿ ಇಂಜಿನ್ನು ಬಿಚ್ಚಿ ಜೋಡಿಸಿದವರು.

"ಗವಿರಂಗಣ್ಣ, ಸಿಳ್ಳೆ ಕೇಳಿದ್ಯಾ? ಟರ್ಬೊ ಅದು! ನಮ್ಮ ಲಾರಿ ಟರ್ಬೊ ಅಲ್ಲ, ದೊಡ್ಡೋರ ಮನೇದು."

"ಕೇಳಿದೆ ಸಾಬ್ರೇ. ಎರಡು ಇವೆ."

"ಎಷ್ಟು ಸಿಲಿಂಡರ್ ಬರೀತೀಯಾ? ನನ್ನ ಪ್ರಕಾರ ಎಂಟು."

"ಹನ್ನೆರಡು."

"ಹನ್ನೆರಡಾ? ಹನ್ನೆರಡಿಟ್ಟರೆ ಅದರ ಮೂತಿ ಇಲ್ಲಿಂದ ಅಂಚೆ ಆಫೀಸಿನ ತನಕ ಚಾಚಿಕೊಳ್ಳುತ್ತೆ ಕಣೋ!"

"ಚಾಚಿಕೊಳ್ಳಲಿ. ನಾನು ಕೇಳಿದ್ದು ಹನ್ನೆರಡು" ಅಂತ ಹೇಳಿ, ರೋಹಿಣಿ ಮನೆಯಲ್ಲಿ ಚಪ್ಪಟೆಯಾದ ಒಂದು ಕಾರಿನ ಚಿತ್ರ ಬರೆದು, ಅದರ ಕೆಳಗೆ ಹನ್ನೆರಡು ಗೆರೆ ಎಳೆದೆ. ಮನೆ ಸಾಲದೆ ಗೆರೆಗಳು ಪಕ್ಕದ ಮೃಗಶಿರಾ ಮನೆಗೂ ಹೊಕ್ಕವು. ಊರು ಸಾಲುಗಟ್ಟಿ ಬಂದು ನೋಡಿತು. ನಾನೂ ಆವತ್ತು ಬೆನ್ನು ಸ್ವಲ್ಪ ನೆಟ್ಟಗೆ ಮಾಡಿಕೊಂಡೇ ಕೂತಿದ್ದೆ, ಸುಳ್ಳು ಯಾಕೆ ಹೇಳಲಿ.

ಆಮೇಲಿನ ದಿನಗಳಲ್ಲಿ ಟೀ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಗಾಡಿ ಎದುರಿಗೇ ಬರದೆ, ಬರೀ ಸದ್ದು ಹಿಡಿದು ಅದರ ಇಂಜಿನ್ನು ಕಟ್ಟುವುದು ನಮ್ಮವರಿಗೆ ಹಳೆಯ ಚಟ. ಸಾಬರು ಮೇಜಿನ ಮೇಲೆ ಟೀ ಚೆಲ್ಲಿ ಬೆರಳಿನಲ್ಲಿ ಚಿತ್ರ ಬರೆದು ಟರ್ಬೊ ಪಾಠ ಮಾಡಿದರು. "ಬೇರೆ ಇಂಜಿನ್ನಿನಲ್ಲಿ ಹೊಗೆ ಸುಮ್ಮನೆ ಹೊರಗೆ ಹೋಗುತ್ತೆ. ಟರ್ಬೊದಲ್ಲಿ ಹಾಗೆ ಬಿಡೋಲ್ಲ. ಹೋಗೋದು ಹೋಗ್ತೀಯಾ, ಒಂದು ಫ್ಯಾನು ತಿರುಗಿಸಿ ಹೋಗು ಅಂತಾರೆ. ಆ ಫ್ಯಾನು ಈ ಕಡೆಯಿಂದ ಗಾಳಿ ಎಳೆದು ಇಂಜಿನ್ನಿನ ಬಾಯಿಗೆ ತುರುಕುತ್ತೆ. ತುರುಕಿದಷ್ಟೂ ಬಲ." ಸೇತುವೆ ಹತ್ತಿರ ಬಡಿತ ಮುಗ್ಗರಿಸಿದ್ದು ಯಾಕೆ ಅಂದರೆ ಅದಕ್ಕೂ ಅವರ ಹತ್ತಿರ ಉತ್ತರವಿತ್ತು. "ಫ್ಯಾನು ಎದ್ದೇಳೋಕೆ ಒಂದು ಗಳಿಗೆ ಬೇಕಲ್ಲಪ್ಪ. ಅದು ಟರ್ಬೊ ಆಕಳಿಸಿದ್ದು." ಗೇರು ಎರಡು ಸಲ ಇಳಿದದ್ದಕ್ಕೆ ನಾನೇ ಉತ್ತರ ಕೊಟ್ಟೆ. ಅಷ್ಟು ವೇಗದಲ್ಲಿ ಬಂದ ಗಾಡಿ ಒಂದು ಗೇರಿಗೆ ನಿಲ್ಲುತ್ತದೆಯೇ? ಎಲ್ಲವೂ ಸರಿಹೊಂದಿತು. ಎರಡೇ ಜನ ಕೂರುವ ಕಾರಂತೆ ಎಂದು ಒಬ್ಬ, ರಾಜಮಹಾರಾಜರಿಗೆ ಮಾತ್ರ ಮಾರುತ್ತಾರಂತೆ ಎಂದು ಇನ್ನೊಬ್ಬ.

ಹತ್ತನೇ ದಿನಕ್ಕೆ ಈ ಸುದ್ದಿ ಕೇಳಿ ಪಟ್ಟಣದಿಂದ ಶ್ರೀವತ್ಸ ಅಂತ ಒಬ್ಬ ಬಂದ. ಕಾರುಗಳ ವಿಷಯವನ್ನೇ ಬರೆಯುವ ಪತ್ರಿಕೆಯವನು. ಅವನು ಹೇಳಿದ್ದು ಇಷ್ಟು: ಹೊರದೇಶದ ಒಂದು ಭಾರಿ ಕಾರು ಕಂಪನಿ ಹೊಸ ಟರ್ಬೊ ಇಂಜಿನ್ನು ಮಾಡುತ್ತಿದೆ, ಮುಂದಿನ ವರ್ಷ ಹೊರಗೆ ಬರುತ್ತದೆ, ಅದಕ್ಕೆ ಎಷ್ಟು ಸಿಲಿಂಡರ್ ಅಂತ ಕಂಪನಿ ಬಾಯಿ ಬಿಡುತ್ತಿಲ್ಲ, ಆರು ಅನ್ನುವವರೂ ಎಂಟು ಅನ್ನುವವರೂ ದಿನಾ ಕಿತ್ತಾಡುತ್ತಿದ್ದಾರೆ. ಪರೀಕ್ಷೆಗೆ ಓಡಿಸುವ ಕಾರು ಈ ದಾರಿಯಲ್ಲಿ ಬಂದರೂ ಬಂದೀತು ಅಂತ ಅವನ ಅಂದಾಜು.

"ಯಜಮಾನ್ರೇ, ನೀವೊಬ್ಬರೇ ಅದನ್ನು ಎಣಿಸಿರೋದು. ದಯವಿಟ್ಟು ಒಂದ್ಸಲ ಬಾಯಲ್ಲಿ ಹೇಳಿ ತೋರಿಸಿ."

"ಬಾಯಲ್ಲಿ ಆಗೋದಿಲ್ಲಪ್ಪ" ಅಂತ ಖಾಲಿ ಡಬ್ಬ ತರಿಸಿ, ಎರಡೂ ಕೈಯಲ್ಲಿ ಬಡಿದು ತೋರಿಸಿದೆ. ಅವನು ಫೋನಿನಲ್ಲಿ ಹಿಡಿದುಕೊಂಡು, ನಿಧಾನ ಮಾಡಿ ಕೇಳಿ, ಎಣಿಸಿ, ಮುಖ ಕೆಂಪು ಮಾಡಿಕೊಂಡು "ಹನ್ನೆರಡು!" ಅಂತ ಕೂಗಿದ. ನಾಲ್ಕು ದಿನಕ್ಕೆ ನನ್ನ ಫೋಟೊ, ಹಲಗೆಯ ಫೋಟೊ, ಹನ್ನೆರಡು ಸಿಲಿಂಡರಿನ ಸುದ್ದಿ ಎಲ್ಲ ಲೋಕದ ಮುಂದೆ ಹೋಯಿತು. ಸಾಬರು ಸೋತೆ ಎಂದು ನನಗೆ ಟೀ ಕುಡಿಸಿದರು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಸ ಜಾತಿಯ ಗಾಡಿ ಮೊದಲ ಸಲ ಬೀದಿ ದಾಟಿದಾಗ, ಚಕ್ರ ಹೋದ ಜಾಡಿನ ಬಿಸಿ ಆರುವ ಮುಂಚೆ, ಊರಿನ ಒಬ್ಬ ಹೆಂಗಸು ರಸ್ತೆ ನಡುವೆ ಹೋಗಿ ಒಂದು ಬಿಂದಿಗೆ ನೀರು ಹುಯ್ಯಬೇಕು. ಹತ್ತು ಎಣಿಸುವುದರೊಳಗೆ ಹುಯ್ದರೆ ನೀರು ಹಿಡಿಯಿತು ಅಂತ ಲೆಕ್ಕ, ತಡವಾದರೆ ಚೆಲ್ಲಿಹೋಯಿತು ಅಂತ. ಮೊದಲ ಬಸ್ಸಿಗೆ ನಮ್ಮ ಅಮ್ಮ ಹುಯ್ದಿದ್ದಳು. ಸಾಯುವ ತನಕ ಅದನ್ನು ಸೊಸೆಯ ಮುಂದೆ ಹೇಳಿಕೊಂಡಳು. ನನ್ನ ಹೆಂಡತಿ ದೇವೀರಮ್ಮ ಮದುವೆಯಾಗಿ ಬಂದಾಗಿನಿಂದ ಆ ಬಿಂದಿಗೆಗೆ ಆಸೆಪಟ್ಟವಳು. ಟ್ರ್ಯಾಕ್ಟರಿಗೆ ಚೀಟಿ ಎತ್ತಿದಾಗ ಅವಳ ಹೆಸರು ಬರಲಿಲ್ಲ, ಜೀಪಿಗೂ ಬರಲಿಲ್ಲ. ಈ ಸಲ ಬಂತು. ಚೀಟಿ ಓದಿದ ಕೂಡಲೇ ಅವಳು ಮನೆಗೆ ಹೋಗಿ ಅಟ್ಟದಿಂದ ತಾಮ್ರದ ಬಿಂದಿಗೆ ಇಳಿಸಿ, ಮೂರು ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿದಳು.

ರೋಹಿಣಿ ಬಂತು. ಬೆಳಿಗ್ಗೆ ಒಂಬತ್ತು ಗಂಟೆಗೆ ಕಟ್ಟೆಗೆ ಹೊರಡಲು ಪಂಚೆ ಉಡುತ್ತಿದ್ದೆ. ಹಿತ್ತಲಲ್ಲಿ ತಂಬಿಟ್ಟಿಗೆ ಅಕ್ಕಿ ಕುಟ್ಟುವ ಸದ್ದು. ಪಕ್ಕದ ಮನೆ ಓಬಮ್ಮ ಒನಕೆ ತಂದಿದ್ದನ್ನು ನೋಡಿದ್ದೆ. ದೇವೀರಮ್ಮ ಬಾವಿಗೆ ಹೋಗಿದ್ದಾಳೆ ಅಂದುಕೊಂಡಿದ್ದೆ. ಒನಕೆ ಏಟು ಏಟಿಗೆ ಬಿಡುವೇ ಇಲ್ಲದೆ ಬೀಳುತ್ತಿದೆ. ಒಬ್ಬ ಹೆಂಗಸಿಗೆ ಇಷ್ಟು ಕೈವೇಗ ಎಲ್ಲಿಂದ ಬಂತು ಅನ್ನಿಸಿತು.

"ಏನವ್ವಾ ಓಬಮ್ಮ, ಮೈಮೇಲೆ ದೇವರು ಬಂದಿದೆಯಾ?" ಅಂತ ಒಳಗಿಂದಲೇ ಕೂಗಿದೆ.

"ನಾನೊಬ್ಬಳೇ ಯಾಕೆ ಕುಟ್ಟಲಿ ಅಣ್ಣಾ? ನಿನ್ನ ಹೆಂಡತಿ ಕೈ ಏನು ಬಿದ್ದುಹೋಗಿದೆಯಾ?"

ಹಿತ್ತಲ ಬಾಗಿಲಿಗೆ ಬಂದು ನೋಡಿದೆ. ಒಂದು ಒರಳು, ಎರಡು ಒನಕೆ. ಓಬಮ್ಮನದು ಏಳುವಾಗ ದೇವೀರಮ್ಮನದು ಇಳಿಯುತ್ತಿದೆ. ನನ್ನ ಕೈ ಪಂಚೆಯ ಗಂಟಿನಲ್ಲೇ ನಿಂತುಬಿಟ್ಟಿತು.

"ನಿಲ್ಲಿಸಬೇಡಿ, ಕುಟ್ಟಿ" ಅಂದು ಅವರಿಗೆ ಬೆನ್ನು ಹಾಕಿ ಕಣ್ಣು ಮುಚ್ಚಿದೆ. ಕಿವಿಗೆ ಒಂದೇ ಒನಕೆ. "ಓಬಮ್ಮ, ನೀನು ಸ್ವಲ್ಪ ನಿಧಾನಿಸು" ಅಂದೆ. ದಡಕ್ ಅಂತ ಒಂದು ಮುಗ್ಗರಿಕೆ, ಮತ್ತೆ ಜೋಡಿ ಕೂಡಿಕೊಂಡಿತು. ಸೇತುವೆ ಹತ್ತಿರ ಕೇಳಿದ್ದು ಇದೇ. ಅದು ಟರ್ಬೊ ಆಕಳಿಸಿದ್ದಲ್ಲ. ಗೇರು ಎರಡು ಸಲ ಇಳಿದದ್ದು ಯಾಕೆ ಅಂತಲೂ ಹೊಳೆಯಿತು. ಒಂದು ಗಾಡಿ ತಿರುವಿಗೆ ಬಂದು ಇಳಿಸಿತು, ಹಿಂದಿನದು ಅದೇ ತಿರುವಿಗೆ ಬಂದು ಇಳಿಸಿತು. ಒಂದು ಬಾಯಿಗೆ ಎರಡು ಸಿಳ್ಳೆ ಅಲ್ಲ, ಎರಡು ಬಾಯಿಗೆ ಒಂದೊಂದು.

ನನ್ನ ಜೀವಮಾನದಲ್ಲಿ ಒಂದೇ ತೆರನಾಗಿ ಉಸಿರಾಡುವ ಎರಡು ಗಾಡಿಯನ್ನು ನಾನು ಕೇಳಿರಲಿಲ್ಲ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಹುಟ್ಟಿದ ಲಾರಿಗಳೂ ನಮ್ಮೂರು ಮುಟ್ಟುವಷ್ಟರಲ್ಲಿ ಒಂದು ಕೆಮ್ಮುತ್ತಿರುತ್ತದೆ, ಇನ್ನೊಂದು ಹಲ್ಲು ಕಡಿಯುತ್ತಿರುತ್ತದೆ. ಹಾಗಾಗಿ ಒಂದೇ ಉಸಿರು ಅಂದರೆ ಒಂದೇ ಗಾಡಿ ಅಂತ ನನ್ನ ಕಿವಿ ತೀರ್ಮಾನ ಮಾಡಿಬಿಟ್ಟಿತ್ತು. ಇನ್ನೂ ಮಾರುಕಟ್ಟೆಗೇ ಬಾರದ, ಒಂದು ಕೆಮ್ಮೂ ಕಲಿಯದ ಎರಡು ಹೊಸ ಇಂಜಿನ್ನು ಬೆನ್ನು ಬೆನ್ನಿಗೆ ಬಂದರೆ ಹೇಗಿರುತ್ತದೆ ಅಂತ ಅದಕ್ಕೇನು ಗೊತ್ತು?

"ದೇವೀರಿ, ಅದು ಒಂದು ಗಾಡಿಯಲ್ಲ. ಎರಡು. ಆರು ಆರು. ಮೂವತ್ತು ಮಾರು ಅಂತರದಲ್ಲಿ ಬರುತ್ತವೆ. ಮೊದಲನೆಯದು ಹೋಯಿತು ಅಂತ ನೀನು ರಸ್ತೆಗೆ ಇಳಿದರೆ ಎರಡನೆಯದಕ್ಕೆ ಸಿಕ್ಕುತ್ತೀಯ."

ಅವಳು ಒನಕೆಯನ್ನು ಗೋಡೆಗೆ ಒರಗಿಸಿದಳು. "ಇಪ್ಪತ್ತೇಳು ದಿನ ಬಿಟ್ಟು, ನಾನು ಬಿಂದಿಗೆ ಹಿಡಿಯೋ ಹೊತ್ತಿಗೆ ನಿಮಗೆ ಇದು ಕೇಳಿಸ್ತಾ?"

"ಈಗ ಕೇಳಿಸ್ತು."

"ಎರಡೇ ಅಂತ ಖಂಡಿತವಾಗಿ ಹೇಳ್ತೀರಾ?"

"ಹನ್ನೆರಡು ಅಂತಲೂ ಖಂಡಿತವಾಗೇ ಹೇಳಿದ್ದೆನಲ್ಲ."

"ಅದೇ ಮತ್ತೆ. ಒಂದೇ ಆಗಿದ್ದರೆ? ನಾನು ಕಾದು ನಿಂತು, ಬಿಸಿ ಆರಿ, ನೀರು ಚೆಲ್ಲಿಹೋದರೆ? ನಿಮ್ಮಮ್ಮನ ಬಾಯಿ ಮುಚ್ಚಿದೆ ಅಂತ ಸಮಾಧಾನ ಮಾಡಿಕೊಂಡಿದ್ದೆ. ಇನ್ನು ಊರಿನ ಬಾಯಿ ಕೇಳಬೇಕು."

ಓಬಮ್ಮ ನಮ್ಮಿಬ್ಬರ ಮುಖ ನೋಡುತ್ತಾ ಅಕ್ಕಿ ನುಚ್ಚು ಬಾಯಿಗೆ ಹಾಕಿಕೊಂಡಳು. ದೇವೀರಮ್ಮ ಬಿಂದಿಗೆಗೆ ನೀರು ತುಂಬಿ, ಸೊಂಟಕ್ಕಿಟ್ಟುಕೊಂಡು, ನನಗಿಂತ ಮುಂಚೆ ಮನೆ ಬಿಟ್ಟಳು. ಅವಳು ಕಾಯುತ್ತಾಳೋ ಇಳಿಯುತ್ತಾಳೋ ನನಗೆ ಗೊತ್ತಿರಲಿಲ್ಲ. ಅವಳನ್ನು ತಡೆದು ಕೂರಿಸುವ ಗಂಡಸು ನಾನಲ್ಲ, ಕೂರುವ ಹೆಂಗಸು ಅವಳೂ ಅಲ್ಲ.

ಕಟ್ಟೆಗೆ ಹೋದರೆ ಊರಿಗೆ ಊರೇ ಜಗಲಿ ಹತ್ತಿ ನಿಂತಿದೆ. ಶ್ರೀವತ್ಸ ಮೂರು ಕಾಲಿನ ಕ್ಯಾಮರಾ ನಿಲ್ಲಿಸಿಕೊಂಡು ಕೂತಿದ್ದಾನೆ. ನಾನು ಹಲಗೆಯ ಮುಂದೆ ನಿಂತೆ. ಬರೆದದ್ದನ್ನು ಒರೆಸಿದರೆ ನಾಳೆಯಿಂದ ಇದನ್ನು ಯಾರು ನಂಬುತ್ತಾರೆ? ನಂಬದಿದ್ದರೆ ಎಷ್ಟು ಜನ ಹೋಗುತ್ತಾರೆ? ಚಿಕ್ಕೀರಯ್ಯನವರ ಮಾತು ಸುಳ್ಳಲ್ಲ. ಆದರೆ ಒರೆಸದಿದ್ದರೆ ಇನ್ನು ಎರಡು ಗಂಟೆಯಲ್ಲಿ ಯಾರು ಹೋಗುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಅವಳು ರಸ್ತೆಯಾಚೆ, ಬಿಂದಿಗೆ ಇಳಿಸದೆ, ನೆಟ್ಟಗೆ ನಿಂತಿದ್ದಳು.

ಅಂಗೈಗೆ ಉಗುಳು ಹಚ್ಚಿ ಹನ್ನೆರಡು ಗೆರೆಯನ್ನೂ ಒರೆಸಿದೆ.

ಬೀದಿ ಒಂದು ಸಲ ಹಾ ಅಂದಿತು. ಸಾಬರು "ಅರೆ, ಅರೆ! ಗವಿರಂಗಣ್ಣ, ಕೈ ಏನು ಮಾಡ್ತಿದೆ ಅಂತ ನಿನಗೆ ಗೊತ್ತಾ?" ಅಂತ ಓಡಿಬಂದರು. ನಾನು ಒಂದು ಕಾರು ಬರೆದು ಆರು ಗೆರೆ ಎಳೆದೆ. ಅದರ ಹಿಂದೆಯೇ ಇನ್ನೊಂದು ಕಾರು ಬರೆದು ಮತ್ತೆ ಆರು ಗೆರೆ. ಆತುರಕ್ಕೆ ಎರಡನೆಯ ಕಾರಿನ ಚಕ್ರ ಮೊಟ್ಟೆಯ ಹಾಗಾಯಿತು.

"ನಾನು ತಪ್ಪು ಕೇಳಿದ್ದೆ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಬರೋದು ಎರಡು ಗಾಡಿ. ಮೊದಲನೆಯದು ಹೋದ ಮೇಲೆ ಯಾರೂ ಇಳಿಯಬೇಡಿ."

ಶ್ರೀವತ್ಸನ ಮುಖ ಸುಣ್ಣವಾಯಿತು. "ಯಜಮಾನ್ರೇ, ಹನ್ನೆರಡು ಅಂತ ಬರೆದಾಗಿದೆ. ಲಕ್ಷಗಟ್ಟಲೆ ಜನ ಓದಿ ಆಗಿದೆ!"

"ಅವರು ಯಾರೂ ಈ ರಸ್ತೆ ದಾಟೋದಿಲ್ಲವಲ್ಲಪ್ಪ" ಅಂದೆ.

ಸಾಬರು ಹಲಗೆ ನೋಡಿದರು, ನನ್ನನ್ನು ನೋಡಿದರು. "ಆರು! ಹಾಗಾದರೆ ನನ್ನ ಎಂಟೂ ಸುಳ್ಳು. ಆ ಟೀ ವಾಪಸ್ಸು ಕುಡಿಸು" ಅಂದರು. ಅಷ್ಟು ಜನರಲ್ಲಿ ನಕ್ಕವರು ಅವರೊಬ್ಬರೇ. ಉಳಿದವರು ಗುಸುಗುಸು ಶುರುಮಾಡಿದರು. ಮುದುಕನಿಗೆ ಕಿವಿ ಹೋಯಿತು ಅಂದವರ ಮಾತೂ ನನಗೆ ಕೇಳಿಸಿತು. ಕಿವಿ ಅಷ್ಟು ಚೆನ್ನಾಗೇ ಇತ್ತು.

ಹನ್ನೊಂದು ಹತ್ತಕ್ಕೆ ಕೆರೆ ಏರಿಯ ತಿರುವಿನಲ್ಲಿ ಅದು ಕಾಣಿಸಿಕೊಂಡಿತು. ಮೈಗೆಲ್ಲ ಕಪ್ಪುಬಿಳಿ ಸುಳಿಸುಳಿ ಚಿತ್ರದ ಹೊದಿಕೆ, ಎಲ್ಲೂ ಹೆಸರಿಲ್ಲ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ನೀರಿನ ಮೇಲೆ ಹಾವು ಹೋದ ಹಾಗೆ ಬಂತು. ಒಂದು ಎಲೆ ಅಲುಗಿದ ಸದ್ದೂ ಇಲ್ಲ. ಗಾಳಿ ಮಾತ್ರ ಮುಖಕ್ಕೆ ಹೊಡೆಯಿತು. ಸೇತುವೆ ದಾಟಿತು, ಹೋಯಿತು. ರಸ್ತೆಯ ಮೇಲೆ ಜಾಡಿನ ಬಿಸಿ ಝಳಝಳ ಅಂತಿತ್ತು.

"ಹುಯ್ಯಿ ದೇವೀರಕ್ಕ, ಹುಯ್ಯಿ!" ಜಗಲಿಯಿಂದ ಜಗಲಿಗೆ ಕೂಗು ಹತ್ತಿತು. "ಒಂದು! ಎರಡು! ಬಿಸಿ ಆರುತ್ತೆ, ಇಳಿಯೇ ತಾಯಿ!" ಎಣಿಸುತ್ತಾ ಎಣಿಸುತ್ತಾ ಇಬ್ಬರು ಹುಡುಗಿಯರು ಮೆಟ್ಟಿಲಿಗೆ ಕಾಲಿಟ್ಟರು. ದೇವೀರಮ್ಮ ರಸ್ತೆಯಂಚಿನಲ್ಲಿದ್ದಳು. ಅವಳ ಬಲಗಾಲು ಮುಂದೆ ಬಂತು. ನಾನು ಕೂಗಲಿಲ್ಲ. ಕೂಗಿದ್ದರೂ ಆ ಗದ್ದಲದಲ್ಲಿ ಮುಟ್ಟುತ್ತಿರಲಿಲ್ಲ. ಅವಳು ರಸ್ತೆ ನೋಡಲಿಲ್ಲ, ಜನರನ್ನೂ ನೋಡಲಿಲ್ಲ, ನನ್ನ ಹಲಗೆ ನೋಡಿದಳು. ಆಮೇಲೆ ಬಿಂದಿಗೆಯನ್ನು ಸೊಂಟದಿಂದ ತೆಗೆದು ಎರಡೂ ಕೈಯಲ್ಲಿ ಅಡ್ಡ ಹಿಡಿದು, ಮೆಟ್ಟಿಲಲ್ಲಿದ್ದ ಹುಡುಗಿಯರಿಗೆ ದಾರಿ ಕಟ್ಟಿ, ಮುಂದೆ ಬಂದ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

ನಾಲ್ಕು ಅನ್ನುವ ಕೂಗು ಅರ್ಧಕ್ಕೇ ಕತ್ತರಿಸಿಹೋಯಿತು. ಎರಡನೆಯದು ಬಂದಿತ್ತು. ಅದೇ ಹೊದಿಕೆ, ಅದೇ ತಗ್ಗು, ಅದೇ ಮೂಕತನ. ಅವಳ ಸೀರೆಯ ಸೆರಗು ಅದರ ಗಾಳಿಗೆ ಎದ್ದು ಬಿಂದಿಗೆಯ ಬಾಯಿ ಮುಚ್ಚಿತು. ಗಾಡಿ ಸೇತುವೆ ದಾಟಿ ಮರೆಯಾಯಿತು. ದೇವೀರಮ್ಮ ಸೆರಗು ಸರಿಸಿಕೊಂಡು, ಆತುರವಿಲ್ಲದೆ ರಸ್ತೆ ನಡುವೆ ಹೋಗಿ, ನೀರು ಹುಯ್ದಳು. ಟಾರಿನಿಂದ ಹಬೆ ಎದ್ದಿತು. ಆಗ ಕೇಳಬೇಕಿತ್ತು ಆ ಕೂಗನ್ನು! ಶ್ರೀವತ್ಸ ಕ್ಯಾಮರಾ ಬಿಟ್ಟು "ಆರು! ಆರು ಸಿಲಿಂಡರ್, ಒಂದೇ ಟರ್ಬೊ!" ಅಂತ ಕುಣಿದ. ಹನ್ನೆರಡು ಅಂತ ಬರೆದದ್ದಕ್ಕಿಂತ ಅದನ್ನು ಅಳಿಸಿ ಬರೆಯುವುದು ದೊಡ್ಡ ಸುದ್ದಿ ಅಂತೆ.

ಮನೆಗೆ ನಡೆಯುವಾಗ ದಾರಿಯಲ್ಲಿ ಕೇಳಿದೆ. "ಇಳಿಯುವವಳು ಯಾಕೆ ನಿಂತೆ?"

"ಹನ್ನೆರಡು ಅಂದ ದಿನ ನೀವು ಹಿಗ್ಗಿ ಹೀರೇಕಾಯಿ ಆಗಿದ್ರಿ. ಆವತ್ತೇ ನನಗೆ ಯಾಕೋ ಅನುಮಾನ" ಅಂದಳು. "ಒಂದು ಗೆರೆಯೂ ಅಳಿಸದ ಗಂಡಸು ಊರೆಲ್ಲ ನೋಡುವಾಗ ಹನ್ನೆರಡನ್ನೂ ಅಳಿಸಿದರೆ ನಿಲ್ಲದೆ ಏನು ಮಾಡಲಿ?" ಅಷ್ಟು ಹೇಳಿ ಖಾಲಿ ಬಿಂದಿಗೆಯನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆದಳು.

ಮಾರನೆಯ ದಿನ ಮೃಗಶಿರಾ. ಹಲಗೆಯಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಒಂದು ಬಸ್ಸು, ನಾಲ್ಕು ಕಿಟಕಿ, ಆರು ಗೆರೆ. ಒಂಬತ್ತು ಗಂಟೆಗೆ ಹೋಗಿ ಕಟ್ಟೆಯ ಮೇಲೆ ಕೂತವನು ಬೀದಿಯನ್ನೇ ನೋಡುತ್ತಿದ್ದೆ. ಹಿಂದಿನ ದಿನ ಒರೆಸಿದ ಕಲೆ ಹಲಗೆಯ ಮೇಲೆ ಬೆಳ್ಳಗೆ ಹಾಗೇ ಇತ್ತು. ಜನ ನೋಡುತ್ತಾರೋ, ನೋಡಿಯೂ ನೋಡದ ಹಾಗೆ ಹೋಗುತ್ತಾರೋ? ಓಬಮ್ಮ ಸೊಪ್ಪಿನ ಬುಟ್ಟಿ ಹೊತ್ತು ಬಂದು ರಸ್ತೆಯಂಚಿಗೆ ನಿಂತಳು. ಹಲಗೆಯನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು, ಬೆರಳು ಮಡಚಿ ಗೆರೆ ಎಣಿಸಿದಳು.

"ಅಣ್ಣಾ, ಅಳಿಸೋದಿದ್ರೆ ಈಗಲೇ ಅಳಿಸಿಬಿಡು. ನಾನು ದಾಟಬೇಕು."

ಅಕ್ಕಪಕ್ಕದವರು ಕಿಸಕ್ಕನೆ ನಕ್ಕರು. ನಾನು ಬಸ್ಸಿನ ಸದ್ದನ್ನು ಮನಸ್ಸಿನಲ್ಲಿ ಇನ್ನೊಂದು ಸಲ ಮೊದಲಿಂದ ಕೊನೆಯವರೆಗೆ ಕೇಳಿಕೊಂಡೆ. ಎಷ್ಟು ಹೊತ್ತಾದರೂ ಅವಳು ಬುಟ್ಟಿ ಹೊತ್ತು ಹಾಗೇ ನಿಂತಿದ್ದಳು.

"ಅಳಿಸೋದಿಲ್ಲ ಕಣವ್ವ. ಇನ್ನೂ ಕಾಲು ಗಂಟೆ ಇದೆ. ದಾಟು" ಅಂದೆ.

ಅವಳು ಆಚೆ ಈಚೆ ನೋಡದೆ ದಾಟಿದಳು.